ಕೊಟ್ರಪ್ಪ ಹತ್ತಿದ ಏರು

“ಅಣ್ಣಾ, ಗುರವ್ವನ ಮಠಕ್ಕೆ ದಾರಿ ಯಾವುದು?”

ಹೊಳೆದಂಡೆಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದವನು ತಲೆಯೆತ್ತದೆ ಕೈ ತೋರಿಸಿದ.

“ಮೇಲಕ್ಕೆ ಹೋಗು.”

ಹಾಲಮ್ಮ ಹೊಳೆಯ ಆಚೆ ನೋಡಿದಳು. ಎದುರಿಗೇ, ತುಸು ಮೇಲ್ಗಡೆ, ಬಂಡೆಯ ಮೇಲೆ, ಸುಣ್ಣ ಬಳಿದ ಪುಟ್ಟ ಮಠ. ಅಂಗಳದಲ್ಲಿ ಅಡ್ಡಾಡುವ ಎಮ್ಮೆ ಕೂಡ ಕಾಣುತ್ತಿತ್ತು.

“ಮಠ ಎದುರಿಗೇ ಇದೆಯಲ್ಲ. ಮೇಲಕ್ಕೆ ಯಾಕೆ ಹೋಗಲಿ?”

“ಎದುರಿಗಿದೆ ಅಂತಲೇ. ಇಲ್ಲಿಂದ ಹೊರಟರೆ ಹೊಳೆ ನಿನ್ನನ್ನ ಮುಂದಿನ ಊರಿಗೆ ಮುಟ್ಟಿಸುತ್ತೆ.”

ಬೆಳಗಿನಿಂದ ದಾರಿ ತಪ್ಪುತ್ತಲೇ ಬಂದಿದ್ದ ಹಾಲಮ್ಮನಿಗೆ ಇನ್ನೊಂದು ಊರು ನೋಡುವ ಆಸೆ ಇರಲಿಲ್ಲ.

ಅವನ ಹೆಸರು ಕೊಟ್ರಪ್ಪ. ಮಠದ ಬಟ್ಟೆ ಒಗೆಯುವವನು. ಮಡಚುತ್ತಲೇ ಹೊಳೆಯ ಸ್ವಭಾವ ತಿಳಿಸಿದ.

“ಈ ಹೊಳೆ ಹಾವಿನ ಹಾಗೆ ಡೊಂಕು. ಮೇಲೆ ಹುಣಸೆಮರದ ಹತ್ರ ಹರಿಗೋಲಿದೆ. ಅಲ್ಲಿಂದ ಬಿಟ್ಟರೆ ಸೆಳವು ತಾನಾಗಿ ಆಚೆಗೆ ಎಳೆದು ಮಠದ ಬಂಡೆಗೆ ಸೇರಿಸುತ್ತೆ. ಅಲ್ಲಿಂದ ಬಿಟ್ಟರೆ ಮತ್ತೆ ಈಚೆಗೆ ತಿರುಗಿಸಿ ಈ ಒಗೆಯೋ ಕಲ್ಲಿನ ಹತ್ರ ತಂದುಬಿಡುತ್ತೆ. ಹೋಗೋದೂ ಇಳಿಜಾರು, ಬರೋದೂ ಇಳಿಜಾರು.”

“ಅಷ್ಟು ಸುಲಭ?”

“ಕೂತವರಿಗೆ ಸುಲಭ. ಹೋಗಿ ಮರದ ಕೆಳಗೆ ನೆರಳಲ್ಲಿರು. ಬಟ್ಟೆಗಂಟು ಕಟ್ಟಿಕೊಂಡು ಬಂದೆ. ಜೊತೆಗೇ ದಾಟೋಣ.”

ಹಾಲಮ್ಮ ಬಹಳ ಮಠ ಕಂಡವಳು. ಒಂದು ಕಡೆ ಊಟ ಚೆನ್ನಾಗಿತ್ತು, ಗುರು ಚೆನ್ನಾಗಿರಲಿಲ್ಲ. ಇನ್ನೊಂದು ಕಡೆ ಗುರು ಚೆನ್ನಾಗಿದ್ದರು, ಶಿಷ್ಯರು ಜಗಳಗಂಟರು. ಮತ್ತೊಂದು ಕಡೆ ಎಲ್ಲವೂ ಚೆನ್ನಾಗಿತ್ತು, ಇವಳಿಗೇ ಬೇಸರ ಬಂತು.

ಈ ಸಲ ಒಂದು ಕಡೆ ನಿಲ್ಲಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ಆದರೆ ನಿಲ್ಲುವುದಕ್ಕೂ ಅವಳಿಗೆ ಅವಸರ.

ಹುಣಸೆಮರದ ಬುಡದಲ್ಲಿ ಹರಿಗೋಲು ಮಗುಚಿ ಬಿದ್ದಿತ್ತು. ದೊಡ್ಡ ಬಿದಿರುಬುಟ್ಟಿ, ಹೊರಮೈಗೆ ತೊಗಲು. ತೊಗಲಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

ಸ್ವಲ್ಪ ಹೊತ್ತು ಕೂತಳು. ಎದ್ದಳು. ಮತ್ತೆ ಕೂತಳು.

ಆಮೇಲೆ ಹರಿಗೋಲನ್ನು ಹೊರಳಿಸಿ, ನೀರಿಗೆ ತಳ್ಳಿ, ಹತ್ತಿ ಕೂತುಬಿಟ್ಟಳು.

ಹಿಂದಿನಿಂದ ಕೂಗು ಕೇಳಿಸಿತು. ಕೊಟ್ರಪ್ಪ ಬೆನ್ನ ಮೇಲೆ ಗಂಟು ಹೊತ್ತು ಓಡಿ ಬರುತ್ತಿದ್ದ. ಕೈಯೆತ್ತಿ ಏನೋ ಹೇಳುತ್ತಿದ್ದ. ನೀರಿನ ಸದ್ದಿಗೆ ಮಾತು ತಿಳಿಯಲಿಲ್ಲ.

ಎಂಥ ಒಳ್ಳೆಯವನು, ಹರಸುತ್ತಿದ್ದಾನೆ ಅಂದುಕೊಂಡು ಹಾಲಮ್ಮನೂ ಕೈ ಬೀಸಿದಳು.

ಹುಟ್ಟು ಹಾಕಿದಷ್ಟೂ ಹರಿಗೋಲು ಬುಗುರಿಯಂತೆ ತಿರುಗಿತು. ಒಮ್ಮೆ ಮರ ಕಂಡಿತು, ಒಮ್ಮೆ ಮಠ, ಒಮ್ಮೆ ಮರ, ಒಮ್ಮೆ ಕೊಟ್ರಪ್ಪ. ಕಣ್ಣು ಮುಚ್ಚಿ ಹುಟ್ಟು ಹಾಕಿದಳು. ಕಣ್ಣು ಬಿಟ್ಟಾಗ ಹರಿಗೋಲು ಮಠದ ಬಂಡೆಗೆ ತಾಗಿ ನಿಂತಿತ್ತು.

ಬಂಡೆಯ ಮೇಲೆ ಒಬ್ಬ ಮುದುಕಿ, ಸುಡುಬಿಸಿಲಲ್ಲಿ ಕಂಬಳಿ ಸುತ್ತಿಕೊಂಡು, ಶೇಂಗಾ ಬಿಡಿಸಿ ತಿನ್ನುತ್ತಿದ್ದಳು.

“ನಿನ್ನನ್ನ ದಾಟಿಸಿದ್ದು ಯಾರು?” ಅಂದಳು ಮುದುಕಿ.

“ಯಾರೂ ಇಲ್ಲ ತಾಯಿ. ನಾನೇ ಬಂದೆ. ಗುರವ್ವ ಎಲ್ಲಿ?”

“ನಾನೇ.”

ಹಾಲಮ್ಮ ಥಟ್ಟನೆ ಕಾಲಿಗೆ ಬಿದ್ದಳು. ಬೇಸಿಗೆಯಲ್ಲೂ ಕಂಬಳಿ ಹೊದ್ದ ಗುರುವನ್ನು ಅವಳು ಎಲ್ಲೂ ಕಂಡಿರಲಿಲ್ಲ.

“ನನ್ನನ್ನ ಶಿಷ್ಯೆ ಮಾಡಿಕೊಳ್ಳಿ. ಎಲ್ಲೂ ನಿಲ್ಲದವಳು ನಾನು. ಇಲ್ಲಿ ನಿಲ್ಲಬೇಕು ಅಂತ ಬಂದಿದ್ದೀನಿ.”

“ಹೊಳೆ ತುಂಬೋ ಕಾಲ ಬಂತು,” ಅಂದಳು ಗುರವ್ವ. “ತುಂಬಿದ ಮೇಲೆ ಆಚೆಯವರು ಆಚೆ, ಈಚೆಯವರು ಈಚೆ. ದಸರಾವರೆಗೂ ಯಾರೂ ದಾಟೋ ಹಾಗಿಲ್ಲ. ಅಷ್ಟರೊಳಗೆ ನಿನ್ನನ್ನ ದಾಟಿಸಿದ್ದು ಯಾರು ಅಂತ ಹೇಳು. ಹೇಳಿದರೆ ಇರು.”

“ಹೇಳದಿದ್ದರೆ?”

“ಹರಿಗೋಲು ಅಲ್ಲೇ ಇದೆ. ಹೋಗೋದು ಇಳಿಜಾರು.”

ಮಾರನೆಯ ಬೆಳಗ್ಗೆ ಹಾಲಮ್ಮ ಎರಡೂ ಅಂಗೈ ಮುಂದೆ ಹಿಡಿದು ನಿಂತಳು. ಹುಟ್ಟು ಹಿಡಿದು ಬೊಬ್ಬೆ ಎದ್ದಿತ್ತು.

“ನೋಡಿ ಗುರವ್ವ. ನಾನೇ ದಾಟಿದ್ದು ಅನ್ನೋದಕ್ಕೆ ಸಾಕ್ಷಿ.”

“ನೋವಿದೆಯಾ?”

“ಬಹಳ.”

“ಅಡುಗೆಮನೆ ಹಿಂದೆ ಒಂದು ಬಂಡೆ ಇದೆ. ಅದನ್ನ ತಳ್ಳು.”

ಹಾಲಮ್ಮ ಕೈಯಿಂದ ತಳ್ಳಿದಳು. ಭುಜದಿಂದ ತಳ್ಳಿದಳು. ತಿರುಗಿ ನಿಂತು ಬೆನ್ನಿನಿಂದ ತಳ್ಳಿದಳು. ಸೀರೆಯೆಲ್ಲ ಬೆವರಿನಲ್ಲಿ ತೊಯ್ದುಹೋಯಿತು.

ಊಟದ ಹೊತ್ತಿಗೆ ಗುರವ್ವ ಬಂದಳು.

“ಎಷ್ಟು ಸರೀತು?”

“ಸರೀಲಿಲ್ಲ.”

“ಇಷ್ಟು ಹೊತ್ತು ಏನು ಮಾಡಿದೆ ಹಾಗಾದರೆ?”

“ಕಷ್ಟಪಟ್ಟೆ.”

“ಪಟ್ಟಿದ್ದು ಕೇಳಲಿಲ್ಲ. ಮಾಡಿದ್ದು ಕೇಳಿದೆ.”

ಹಾಲಮ್ಮನಿಗೆ ಸಿಟ್ಟು ಬಂತು. “ಹಿಂದಿನ ಮಠದಲ್ಲಿ ದಿನವಿಡೀ ಒಂಟಿಕಾಲಲ್ಲಿ ನಿಲ್ಲಿಸೋರು. ಎಲ್ಲರೂ ನನ್ನನ್ನ ಹೊಗಳಿದರು.”

“ನೆಲ ಹೊಗಳಿತಾ?”

ಹಾಲಮ್ಮ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು.

“ತಳ್ಳಿದ್ದು ಸರಿದರೆ ಕೆಲಸ,” ಅಂದಳು ಗುರವ್ವ. “ಸರಿಯದಿದ್ದರೆ ಬೆವರು. ಬೆವರೂ ಒಳ್ಳೇದೇ, ಮೈ ತಣ್ಣಗಾಗುತ್ತೆ. ಬಂಡೆಗೆ ಮಾತ್ರ ನೀನು ಬಂದಿದ್ದೂ ಗೊತ್ತಿಲ್ಲ. ಬಾ, ಮುದ್ದೆ ಆರುತ್ತೆ.”

ಊಟದ ನಡುವೆ ಹಾಲಮ್ಮ ತಲೆಯೆತ್ತಿದಳು.

“ಹರಿಗೋಲಲ್ಲಿ ನಾನು ಸುಮ್ಮನೆ ತಿರುಗಿದೆ, ಅದು ನಿಜ. ದಾಟಿಸಿದ್ದು ಹೊಳೆ.”

“ಹೊಳೆ ಇಲ್ಲೇ ಇದೆ, ಹರಿಗೋಲೂ ಇದೆ. ಹತ್ತಿ ಕೂತು ಹುಣಸೆಮರಕ್ಕೆ ಹೋಗಿ ಬಾ, ನೋಡೋಣ.”

“ಮರ ಮೇಲಿದೆ ಗುರವ್ವ. ಹೊಳೆ ಮೇಲಕ್ಕೆ ಒಯ್ಯಲ್ಲ.”

“ಹಾಗಾದರೆ ಹೊಳೆಗೆ ಗೊತ್ತಿರೋದು ಅರ್ಧ ಕೆಲಸ. ಇನ್ನರ್ಧ ಹುಡುಕು. ಸಾರು ಹಾಕಲಾ?”

ದಿನಗಳು ಹೋದವು. ದೂರದ ಬೆಟ್ಟಗಳ ಕಡೆ ಮೋಡ ಕಟ್ಟಿತು. ಹೊಳೆಯ ನೀರು ಮೆಲ್ಲಗೆ ಕೆಂಪಾಗತೊಡಗಿತು. ಹಾಲಮ್ಮ ದಿನಕ್ಕೊಂದು ಉತ್ತರ ತರುತ್ತಿದ್ದಳು. ಗಾಳಿ ಅಂದಳು, ದೇವರು ಅಂದಳು, ಹಣೆಬರಹ ಅಂದಳು. ಗುರವ್ವ ಪ್ರತಿ ಸಲವೂ ಕಂಬಳಿಯೊಳಗೆ ಬೆನ್ನು ಕೆರೆದುಕೊಂಡು, “ಇರಬಹುದು, ಬೇರೆ ಹೇಳು,” ಅನ್ನುತ್ತಿದ್ದಳು.

ಒಂದು ಬೆಳಗ್ಗೆ ಎಮ್ಮೆ ಹಿತ್ತಲಿಗೆ ನುಗ್ಗಿ ಹರಿವೆ ಸೊಪ್ಪನ್ನೆಲ್ಲ ಮೇಯ್ದುಬಿಟ್ಟಿತು.

“ಇದಕ್ಕೊಂದು ಗೂಟ ಬೇಕು,” ಅಂದಳು ಗುರವ್ವ. ಮಾಳಿಗೆಯ ಗೋಡೆ ಪಕ್ಕ ನೆಲಕ್ಕೆ ಒಂದು ಗೂಟ ಊರಿ ನಿಲ್ಲಿಸಿದಳು. “ಹೊಡೆಯೋಕೆ ಏನೂ ಇಲ್ಲ. ಆ ಗುಂಡುಕಲ್ಲು ತಂದು ಗೂಟದ ತಲೆ ಮೇಲಿಡು.”

ಕುಂಬಳಕಾಯಿ ಗಾತ್ರದ ಕಲ್ಲು. ಹಾಲಮ್ಮ ತಂದು ಇಟ್ಟಳು. ಗೂಟ ಕದಲಲಿಲ್ಲ.

“ಇಳಿ ಅಂತ ಹೇಳು.”

“ಕಲ್ಲಿಗಾ?”

“ನಿನ್ನ ಮಾತು ಎಮ್ಮೆ ಕೇಳಲ್ಲ. ಕಲ್ಲಾದರೂ ಕೇಳುತ್ತೇನೋ.”

ಹಾಲಮ್ಮ ನಕ್ಕು, ಕಲ್ಲನ್ನು ಗೂಟದ ತಲೆಯಿಂದ ಮೊಳದೆತ್ತರ ಎತ್ತಿ ಬಿಟ್ಟಳು. ಗೂಟ ಒಂದು ಬೆರಳಷ್ಟು ಇಳಿಯಿತು.

“ಏಣಿ ಹತ್ತು. ಮಾಳಿಗೆ ಅಂಚಿಗೆ ಇಟ್ಟು ಬಾ.”

ಕಲ್ಲನ್ನು ಸೆರಗಿನಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡು ಹಾಲಮ್ಮ ಏಣಿ ಹತ್ತಿದಳು. ಅಂಚಿನ ಮೇಲೆ ಕೂರಿಸಿ, ಇಳಿದು ಬಂದು, ಒಂದು ಚೆಂಬು ನೀರು ಕುಡಿದಳು.

“ನೀನು ಮಾಡಿದ ಕೆಲಸ ಎಲ್ಲಿ?”

“ಆಯ್ತಲ್ಲ ಗುರವ್ವ.”

“ಎಲ್ಲಿ ಹೋಯ್ತು ಅಂತ ಕೇಳಿದೆ.”

“ಮುಗಿದ ಕೆಲಸ ಎಲ್ಲಿಗೆ ಹೋಗುತ್ತೆ? ಮುಗೀತು, ಅಷ್ಟೇ.”

“ಸರಿ. ದಣಿದಿದ್ದೀಯ. ಆ ಗೋಡೆ ಪಕ್ಕ, ಕಲ್ಲಿನ ನೇರಕ್ಕೆ ಚಾಪೆ ಹಾಸಿಕೊಂಡು ಒಂದು ನಿದ್ದೆ ಮಾಡು.”

ಹಾಲಮ್ಮ ಚಾಪೆ ಹಿಡಿದು ಹೋದಳು. ಮೇಲೆ ನೋಡಿದಳು. ಚಾಪೆ ಹಿಡಿದೇ ವಾಪಸ್ ಬಂದಳು.

“ಬೇಡ.”

“ಯಾಕೆ? ಕಲ್ಲು ಸುಮ್ಮನೆ ಕೂತಿದೆ.”

“ಸುಮ್ಮನೆ ಕೂತಿಲ್ಲ. ಮೇಲೆ ಕೂತಿದೆ.”

“ಬೆಳಗ್ಗೆ ಅದೇ ಕಲ್ಲಿನ ಮೇಲೆ ಕೂತು ಮಂಡಕ್ಕಿ ತಿಂದೆ. ಆಗ ಹೆದರಿಕೆ ಇರಲಿಲ್ಲ.”

“ಆಗ ನೆಲದ ಮೇಲಿತ್ತು.”

“ನಡುವೆ ಏನಾಯ್ತು?”

“ನಾನು ಹೊತ್ತೆ.”

“ಹಾಗಾದರೆ ನೀನು ಹೊತ್ತಿದ್ದು ಮುಗಿದಿಲ್ಲ,” ಅಂದಳು ಗುರವ್ವ. “ಅಲ್ಲಿ ಕೂತಿದೆ, ಯಾವಾಗ ಬೀಳಲಿ ಅಂತ. ಹೋಗಿ ತಳ್ಳು.”

ಮೊದಲ ಸಲ ಗುರಿ ತಪ್ಪಿತು. ಕಲ್ಲು ಪಕ್ಕದಲ್ಲಿದ್ದ ನೀರಿನ ಗಡಿಗೆಯ ಮೇಲೆ ಬಿತ್ತು. ಗಡಿಗೆ ಚೂರುಚೂರಾಯಿತು.

“ಅಯ್ಯೋ,” ಅಂದಳು ಹಾಲಮ್ಮ ಮೇಲಿನಿಂದ.

“ನೀನು ಹೊತ್ತ ಕೆಲಸವೇ ಅದು. ಅದಕ್ಕೆ ಗೂಟ ಯಾವುದು, ಗಡಿಗೆ ಯಾವುದು ಅಂತ ಗೊತ್ತಿಲ್ಲ. ಗೊತ್ತಿರಬೇಕಾದ್ದು ನಿನಗೆ. ಮತ್ತೆ ಹೊರು.”

ಮತ್ತೆ ಹೊತ್ತಳು. ಈ ಸಲ ಕಲ್ಲು ಗೂಟದ ನೆತ್ತಿಗೇ ಬಿತ್ತು. ಎಮ್ಮೆ ಬೆದರಿ ಮೂಲೆಗೆ ಓಡಿತು. ಗೂಟ ಮೊಳದಷ್ಟು ನೆಲದೊಳಗೆ ಹೋಗಿತ್ತು.

“ಬೇಗ ಬಾ. ಗೂಟದ ತಲೆ ಮುಟ್ಟು.”

ಹಾಲಮ್ಮ ಓಡಿ ಬಂದು ಮುಟ್ಟಿದಳು. “ಬೆಚ್ಚಗಿದೆ.”

“ಮೇಲಿದ್ದಾಗ ಅದರ ಹತ್ರ ಎತ್ತರ ಇತ್ತು, ಓಟ ಇರಲಿಲ್ಲ. ಬೀಳ್ತಾ ಬೀಳ್ತಾ ಎತ್ತರ ಕರಗಿತು, ಓಟ ಬೆಳೀತು. ನೆಲಕ್ಕೆ ಬಂದಾಗ ಎತ್ತರ ಪೂರಾ ಓಟ ಆಗಿತ್ತು. ಓಟ ನಿಂತಾಗ ಒಂದಿಷ್ಟು ಗುಂಡಿಯಾಯ್ತು, ಒಂದಿಷ್ಟು ಬಿಸಿಯಾಯ್ತು, ಒಂದಿಷ್ಟು ಸದ್ದಾಗಿ ಎಮ್ಮೆ ಕಿವಿಗೆ ಹೋಯ್ತು. ಕಳೆದದ್ದು ಏನೂ ಇಲ್ಲ. ವೇಷ ಬದಲಾಯ್ತು. ಈಗ ಹೇಳು, ಗೂಟ ಹೊಡೆದವರು ಯಾರು?”

“ಕಲ್ಲು.”

ಗುರವ್ವ ಎಮ್ಮೆ ಕಟ್ಟುವ ಹಗ್ಗದ ಸಿಕ್ಕು ಬಿಡಿಸತೊಡಗಿದಳು.

“ಅಲ್ಲ,” ಅಂದಳು ಹಾಲಮ್ಮ. “ನಾನು. ತಳ್ಳಿದಾಗಲ್ಲ. ಏಣಿ ಹತ್ತಿದಾಗಲೇ ಹೊಡೆದಾಗಿತ್ತು. ಬಿದ್ದಿದ್ದೆಲ್ಲ ನಾನು ಹತ್ತಿದ್ದೇ.”

ಅಷ್ಟು ಹೇಳಿ ಅವಳು ಹೊಳೆಯ ಕಡೆ ತಿರುಗಿದಳು. ಬಂಡೆಯ ಹತ್ತಿರ ಹರಿಗೋಲು ಕಂಡಿತು.

“ಗುರವ್ವ.”

“ಹೇಳು.”

“ಅವತ್ತು ಹರಿಗೋಲು ಒದ್ದೆಯಾಗಿತ್ತು. ನೀರು ತೊಟ್ಟಿಕ್ಕುತ್ತಿತ್ತು. ಆಗಷ್ಟೇ ಯಾರೋ ಕೆಳಗಿನಿಂದ ಹೊತ್ತು ತಂದು ಮರದ ಹತ್ರ ಇಟ್ಟಿದ್ದರು.”

“ಹೂಂ.”

“ಕೊಟ್ರಪ್ಪ. ಅವನೇ ಹೇಳಿದ್ದ, ಕೂತವರಿಗೆ ಸುಲಭ ಅಂತ. ಎರಡು ಇಳಿಜಾರಿಗೆ ಏರು ಒಂದೇ, ಅದು ಪೂರಾ ಆ ದಡದಲ್ಲಿದೆ. ತಾನು ದಾಟೋದಕ್ಕೆ ಹೊತ್ತು ಹತ್ತಿದ್ದ. ಅವನು ಹತ್ತಿದ ಏರನ್ನ ನಾನು ಕೂತುಕೊಂಡು ಇಳಿದುಬಿಟ್ಟೆ. ನನ್ನನ್ನ ದಾಟಿಸಿದ್ದು ಕೊಟ್ರಪ್ಪ.”

“ಸರಿ,” ಅಂದಳು ಗುರವ್ವ. “ಇರು.”

ಹಗ್ಗ ಹಿಡಿದು ಎಮ್ಮೆಯ ಕಡೆ ಹೊರಟೇಬಿಟ್ಟಳು.

ಇಷ್ಟು ಮಠ ಅಲೆದು ಬೇಡಿದ ಮಾತು ಸಿಕ್ಕಿತ್ತು. ಆದರೂ ಹಾಲಮ್ಮ ಕೂರಲಾಗದೆ ಗುರವ್ವನ ಹಿಂದೆಯೇ ಹೋದಳು.

“ಅವನು ದಡದಲ್ಲಿ ನಿಂತು ಕೂಗಿದ್ದು ಆಶೀರ್ವಾದ ಅಲ್ಲ, ಅಲ್ವಾ?”

“ಕೊಟ್ರಪ್ಪನ ಬಾಯಿ ನನಗೆ ಗೊತ್ತು. ಆಶೀರ್ವಾದ ಆಗಿರಲಿಕ್ಕಿಲ್ಲ.”

“ಅವನ ಬೆನ್ನ ಮೇಲೆ ಗಂಟಿತ್ತು.”

“ಇತ್ತು. ನನ್ನ ಸೀರೆಗಳು.”

ಹಾಲಮ್ಮ ಕಂಬಳಿಯನ್ನು ನೋಡಿದಳು. “ನಾನು ವೈರಾಗ್ಯ ಅಂದುಕೊಂಡಿದ್ದೆ.”

“ಯಾವ ವೈರಾಗ್ಯ ತಾಯಿ? ಉಡೋಕೆ ಬಟ್ಟೆ ಇಲ್ಲ. ಈ ಸೆಕೆಗೆ ಕಂಬಳಿ ಚುಚ್ಚಿ ಚುಚ್ಚಿ ಬೆನ್ನೆಲ್ಲ ಗುಳ್ಳೆ.”

“ಮೊದಲೇ ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ಸೀರೆ ಬರ್ತಿತ್ತು. ನೀನು ಈ ಉತ್ತರಕ್ಕೆ ಬರ್ತಿರಲಿಲ್ಲ.”

ಹೊಳೆ ಕೆಂಪಗೆ, ದಂಡೆಯ ಹುಲ್ಲು ತಾಗುವಷ್ಟು ಏರಿತ್ತು.

“ಹರಿಗೋಲು ಇವತ್ತೇ ಹಿಂದಕ್ಕೆ ಕೊಟ್ಟರೆ?” ಅಂದಳು ಹಾಲಮ್ಮ.

“ಕೊಡಬಹುದು.”

“ನಾನು ವಾಪಸ್ ಬರಬಹುದಾ?”

ಗುರವ್ವ ನೀರನ್ನು ನೋಡಿದಳು. “ಕೊಟ್ರಪ್ಪ ಇನ್ನೊಂದು ಸುತ್ತು ಹಾಕಿದರೆ ಹೆಚ್ಚು. ಆಮೇಲೆ ಹರಿಗೋಲನ್ನ ಮನೆಯೊಳಗೆ ಇಟ್ಟುಬಿಡ್ತಾನೆ.”

“ನೀವು ಇರು ಅಂದಿದ್ದೀರಿ.”

“ಅಂದಿದ್ದೀನಿ. ಹೊಳೆ ಅಂದಿಲ್ಲ.”

ಹಾಲಮ್ಮ ಒಂದು ಸಲ ಮಠವನ್ನು ನೋಡಿದಳು. ತಾನು ಹೊಡೆದ ಗೂಟವನ್ನು ನೋಡಿದಳು. ಆಮೇಲೆ ಹುಟ್ಟು ಕೈಗೆತ್ತಿಕೊಂಡಳು.

ಹರಿಗೋಲು ಹತ್ತುವಾಗ ಗುರವ್ವನೂ ಬಂದು ಕೂತಳು.

“ನೀವು ಯಾಕೆ?”

“ನನಗೆ ಸೀರೆ ಬೇಕು.”

ಸೆಳವು ಅವರನ್ನು ಬಳಸಿಕೊಂಡು ಹೋಗಿ ಒಗೆಯುವ ಕಲ್ಲಿನ ಹತ್ತಿರ ತಂದು ಬಿಟ್ಟಿತು. ಕೊಟ್ರಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

“ಬಂದೆಯಾ ತಾಯಿ? ಹರಿಗೋಲಿನ ಸಮೇತ ಸಮುದ್ರ ಸೇರಿದೆ ಅಂದುಕೊಂಡಿದ್ದೆ.”

“ತಪ್ಪಾಯ್ತು ಅಣ್ಣ. ನೀನು ಹತ್ತಿದ ಏರನ್ನ ಕದ್ದೆ.”

“ಕದ್ದಿದ್ದು ಹೋಗಲಿ. ಸಾಲದ್ದಕ್ಕೆ ಕೈ ಬೀಸಿದೆಯಲ್ಲ, ಅದಕ್ಕೆ ಹೊಟ್ಟೆ ಉರೀತು.” ಅವನು ಹರಿಗೋಲಿಗೆ ಕೈ ಹಾಕಿದ. “ಬಿಡು, ಹೊತ್ತುಬಿಡ್ತೀನಿ. ನೀರು ಏರ್ತಿದೆ.”

“ನಾನು ಹೊರ್ತೀನಿ.”

“ನೀನಾ? ಆ ತೊಗಲು ಕುಡಿದಿರೋ ನೀರೇ ನಿನ್ನಷ್ಟು ಭಾರ ಇದೆ.”

“ಹೊರಿಸು ಅಣ್ಣ.”

ಕೊಟ್ರಪ್ಪ ಗುರವ್ವನ ಮುಖ ನೋಡಿದ. ಗುರವ್ವ ಆಗಲೇ ಕೈ ಹಿಂದಕ್ಕೆ ಕಟ್ಟಿಕೊಂಡು ಹೊರಟಿದ್ದಳು. ಅವನು ಹರಿಗೋಲನ್ನು ಮಗುಚಿ ಹಾಲಮ್ಮನ ತಲೆಯ ಮೇಲಿಟ್ಟ.

ಹಾಲಮ್ಮನಿಗೆ ಲೋಕವೆಲ್ಲ ಮಾಯವಾಗಿ ತನ್ನ ಎರಡು ಪಾದ ಮಾತ್ರ ಉಳಿದವು. ಅವತ್ತು ಇದೇ ದಾರಿಯಲ್ಲಿ ಬರಿಗೈಯಲ್ಲಿ ನಡೆದಿದ್ದಳು. ಅಲ್ಲಿ ಏರಿದೆ ಅಂತಲೇ ಗೊತ್ತಾಗಿರಲಿಲ್ಲ.

“ಗುರವ್ವ, ಹರಿಗೋಲಿಗೆ ಕಾಲು ಬಂದಿದೆ ನೋಡಿ,” ಅಂದ ಕೊಟ್ರಪ್ಪ, ಗಂಟು ಹೊತ್ತು ಹಿಂದೆ ಬರುತ್ತಾ. “ಆದರೆ ಎಡಗಾಲು, ಬಲಗಾಲು ಒಂದಕ್ಕೊಂದು ಪರಿಚಯ ಇಲ್ಲ.”

“ನಗಿಸಬೇಡ ಅಣ್ಣ, ಬೀಳ್ತೀನಿ.”

ಸ್ವಲ್ಪ ದೂರ ಹೋಗಿ ಹಾಲಮ್ಮ ನಿಂತಳು.

“ಯಾಕೆ?” ಅಂದಳು ಗುರವ್ವ.

“ಸುಧಾರಿಸಿಕೊಳ್ತಿದ್ದೀನಿ.”

“ಹೊತ್ತು ನಿಂತರೆ ಸುಧಾರಿಸಿಕೊಂಡ ಹಾಗಲ್ಲ, ಕೆಲಸ ಮಾಡಿದ ಹಾಗೂ ಅಲ್ಲ. ಇಲ್ಲ ಇಳಿಸು, ಇಲ್ಲ ನಡೆ.”

ಹಾಲಮ್ಮ ನಡೆದಳು. ದಾರಿ ಒಂದಷ್ಟು ದೂರ ಸಮನಾಯಿತು.

“ಇಲ್ಲಿ ಏರಿಲ್ಲ,” ಅಂದಳು ಗುರವ್ವ ಮುಂದಿನಿಂದ. “ಸಮ ನೆಲದಲ್ಲಿ ಹೊತ್ತಿದ್ದು ಎತ್ತರಕ್ಕೆ ಸೇರಲ್ಲ.”

“ನನ್ನ ಕತ್ತಿಗೆ ಸೇರ್ತಿದೆ,” ಅಂದಿತು ಹರಿಗೋಲು.

ಕೊಟ್ರಪ್ಪ ಗಂಟು ಇಳಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ.

ಮತ್ತೆ ಏರು. ಕಲ್ಲು, ಬೇರು, ಕೆಸರು. ಒಂದು ಕಡೆ ಕಾಲು ಜಾರಿ ಮಂಡಿಯೂರಿದಳು. ಹರಿಗೋಲು ವಾಲಿತು. ಕೊಟ್ರಪ್ಪ ಓಡಿ ಬಂದು ಅಂಚು ಹಿಡಿದ.

“ಸಾಕು ಬಿಡು ತಾಯಿ. ಉಳಿದದ್ದು ನಾನು ಹೊರ್ತೀನಿ. ನಾನಾದರೆ ಒಂದೇ ಉಸಿರಿಗೆ ಹತ್ತಿಬಿಡ್ತೀನಿ.”

“ಬೇಗ ಹತ್ತಿದರೂ ಮರ ಅಷ್ಟೇ ಎತ್ತರದಲ್ಲಿದೆ, ನಿಧಾನ ಹತ್ತಿದರೂ ಅಷ್ಟೇ ಎತ್ತರದಲ್ಲಿದೆ,” ಅಂದಳು ಹಾಲಮ್ಮ ಒಳಗಿನಿಂದ. “ಕೈ ಬಿಡು ಅಣ್ಣ.”

ಗುರವ್ವ ಒಮ್ಮೆ ತಿರುಗಿ ನೋಡಿದಳು. ಮುಂದೆ ನಡೆದಳು.

ಹುಣಸೆಮರದ ಹತ್ತಿರ ಹಾಲಮ್ಮ ಹರಿಗೋಲನ್ನು ತಾನೇ ಇಳಿಸಿದಳು, ತಾನೇ ಹೊರಳಿಸಿದಳು, ತಾನೇ ನೀರಿಗೆ ತಳ್ಳಿ ಅಂಚು ಹಿಡಿದು ನಿಂತಳು. ಹಣೆಯ ಮೇಲೆ ಬಿದಿರಿನ ಗುರುತು ಕೆಂಪಗೆ ಎದ್ದಿತ್ತು.

“ಕೂತ್ಕೊ ಅಣ್ಣ.”

ಕೊಟ್ರಪ್ಪ ಗಂಟಿನ ಸಮೇತ ಕೂತ. ಗುರವ್ವ ಕೂತಳು. ಕೂತವಳೇ ಗಂಟಿನಿಂದ ಒಂದು ಸೀರೆ ಎಳೆದುಕೊಂಡು ಮೂಗಿಗೆ ಹಿಡಿದು, ಕಣ್ಣು ಮುಚ್ಚಿದಳು.

ಹಾಲಮ್ಮ ದಡದಲ್ಲೇ ನಿಂತಿದ್ದಳು.

“ಹತ್ತು ಬೇಗ,” ಅಂದ ಕೊಟ್ರಪ್ಪ. “ಇದೇ ಕೊನೇ ಸುತ್ತು. ನಿಮ್ಮನ್ನ ಬಂಡೆಗೆ ಬಿಟ್ಟು ಹಾಗೇ ಕೆಳಗೆ ಮನೆಗೆ ಹೋಗ್ತೀನಿ.”

“ಇಲ್ಲ ಅಣ್ಣ. ಇದು ನಿನ್ನದು. ಅವತ್ತು ನಿನ್ನಿಂದ ಕಿತ್ತುಕೊಂಡದ್ದನ್ನ ಇವತ್ತು ಕೊಟ್ಟೆ. ಇದರಲ್ಲಿ ನಾನೂ ಕೂತರೆ ಕೊಟ್ಟ ಹಾಗೆ ಎಲ್ಲಾಯ್ತು?”

“ಮತ್ತೆ ದಸರಾವರೆಗೆ ಏನು ಮಾಡ್ತೀಯ?”

“ನಿನ್ನ ಕಲ್ಲಿನ ಪಕ್ಕ ಇನ್ನೊಂದು ಕಲ್ಲಿದೆಯಲ್ಲ. ಒಗೆಯೋದು ಕಲಿಸು.”

“ಕಲಿಸಬಹುದು. ನನ್ನ ಹೆಂಡತಿ ನಿನ್ನನ್ನ ಒಂದೇ ದಿನಕ್ಕೆ ಓಡಿಸ್ತಾಳೆ.”

ಹಾಲಮ್ಮ ನಕ್ಕಳು. ನಗುತ್ತಲೇ ಆಚೆ ದಡದ ಮಠವನ್ನು ನೋಡಿದಳು. ಅಂಗಳದಲ್ಲಿ ಎಮ್ಮೆ ಗೂಟಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ಅವಳು ಅಂಚು ಹಿಡಿದಿದ್ದ ಕೈ ಸಡಿಲಿಸಿದಳು.

“ಗುರವ್ವ, ನನ್ನ ಸಾಲ ತೀರಿತು. ಹೋಗಿ ಬನ್ನಿ.”

ಗುರವ್ವ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು, ಬಗ್ಗಿ, ಹೊಳೆಗೆ ಕೈ ಅದ್ದಿದಳು. ಕೆಂಪು ನೀರು ಅವಳ ಬೆರಳುಗಳ ನಡುವೆ ರಭಸದಿಂದ ಹರಿಯಿತು.

“ಕೊಟ್ರಪ್ಪನದು ತೀರಿತು,” ಅಂದಳು. “ಈ ಹೊಳೇನೆಲ್ಲ ಆವಿ ಮಾಡಿ ಬೆಟ್ಟದ ತುದಿವರೆಗೆ ಹೊತ್ತು ಹಾಕಿದ ಸೂರ್ಯನದು ಹಾಗೇ ಬಾಕಿ ಇದೆ, ನನ್ನದೂ ಸೇರಿ. ಹತ್ತು, ಅದನ್ನ ಆಚೆ ದಡದಲ್ಲಿದ್ದು ನಿಧಾನಕ್ಕೆ ತೀರಿಸೋಣ.”